ಬೇಕಲ ಕೋಟೆಯ ಮಾದರಿಗೆ ಮುರಕಲ್ಲಿನ ಗೋಡೆ

ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನು ಕಟ್ಟಿಸಿದ ನಮ್ಮ ಕಾಸರಗೋಡಿನ ಬೇಕಲ ಕೋಟೆಯ ಒಂದು ಭಾಗವನ್ನು 1:72 ಪ್ರಮಾಣದಲ್ಲಿ ನಿರ್ಮಿಸುವವರು ಮೊದಲು ಗೋಡೆಯ ಮೈಯನ್ನು ಗಮನಿಸಬೇಕು. ಮುರಕಲ್ಲಿನ (ತೂತು ತೂತಾದ ಕೆಂಪು ಜಂಬಿಟ್ಟಿಗೆಯ) ತೂತುಗಳು ಕಾಣದಿದ್ದರೆ ಅಳತೆ ಎಷ್ಟೇ ಸರಿಯಿದ್ದರೂ ಅದು ಕರಾವಳಿಯ ಕೋಟೆಯೆನಿಸುವುದಿಲ್ಲ. ಕಾಳುಕಾಳಾಗಿ ಉದುರುವ ಥರ್ಮಾಕೋಲಿನ ಬದಲು ಒತ್ತಾದ ಫೋಮ್ ಹಲಗೆಯನ್ನು ಆರಿಸಿ, ಕಲ್ಲಿನ ಸಾಲುಗಳನ್ನು ಮೊಂಡು ಪೆನ್ಸಿಲಿನಿಂದ ಗೀರಿ, ತಂತಿಯ ಬ್ರಷ್ಷಿನಿಂದ ಮೆಲ್ಲನೆ ಕುಟ್ಟಿದರೆ ಆ ತೂತುಗಳು ಸಹಜವಾಗಿ ಮೂಡುತ್ತವೆ. ಬಳಿಕ ನೀರು ಬೆರೆಸಿದ ಫೆವಿಕಾಲ್ ಬಳಿದು, ಬಟ್ಟೆಯಲ್ಲಿ ಜರಡಿ ಹಿಡಿದ ಮುರಕಲ್ಲಿನ ಪುಡಿಯನ್ನೇ ಉದುರಿಸಿರಿ. ಯಾವ ಅಂಗಡಿಯ ಬಣ್ಣವೂ ಅದಕ್ಕೆ ಸಾಟಿಯಾಗದು. ಸ್ಪ್ರೇ ಬಣ್ಣವು ಫೋಮನ್ನು ಕರಗಿಸುವುದರಿಂದ ಅದನ್ನು ಸೋಕಿಸಬಾರದು. ಮಳೆಗೆ ಒಡ್ಡಿದ ಮುರಕಲ್ಲು ಕಪ್ಪಾಗುವುದರಿಂದ ಗೋಡೆಯ ತಲೆಭಾಗಕ್ಕೆ ತೆಳುವಾದ ಅಕ್ರಿಲಿಕ್ ಕಪ್ಪನ್ನು ಇಳಿಬಿಡಬಹುದು. ಈ ಪ್ರಮಾಣದಲ್ಲಿ ಸೈನಿಕನ ಎತ್ತರ ಸುಮಾರು 24 ಮಿಲಿಮೀಟರ್. ಬಂದೂಕಿನ ಕಿಂಡಿಗಳನ್ನು ಕೊರೆಯುವ ಮೊದಲು ಅವನನ್ನು ಗೋಡೆಯ ಪಕ್ಕದಲ್ಲಿ ನಿಲ್ಲಿಸಿ ನೋಡಿರಿ.