ಸತ್ತವರ ಅರ್ಜಿಗೆ ಮೇಲ್ ಮರ್ಜ್: 140 ಸಮಾಧಿ, ಒಂದು ಎಕ್ಸೆಲ್ ಶೀಟ್

ಗುರುತಿಲ್ಲದೆ ಮಲಗಿದ ಮಾಜಿ ಸೈನಿಕರ ಸಮಾಧಿಗಳಿಗೆ ಹೋದ ಅಕ್ಟೋಬರ್‌ನಲ್ಲಿ 61ನೇ ಕಲ್ಲು ನೆಟ್ಟೆವು. ಎರಡೂವರೆ ವರ್ಷದ ಹಿಂದೆ, ಕಲ್ಲಿಗೆ ಅರ್ಜಿ ಹಾಕುವ ಕಾಗದಪತ್ರದ ಕೆಲಸವನ್ನೆಲ್ಲ ಕಂಪ್ಯೂಟರ್‌ಗೆ ಬಿಡೋಣ ಅಂದಾಗ ನಕ್ಕವರೇ ಜಾಸ್ತಿ. ಈಗ ಅದೇ ಜನ ಶೀಟ್ ಕೊಡು ಅಂತ ಕೇಳುತ್ತಿದ್ದಾರೆ. ಶೀಟ್ ಕೊಡಲ್ಲ. ಹೇಗೆ ಮಾಡಿದೆ ಅಂತ ಹೇಳುತ್ತೇನೆ, ಅದೂ ಪೂರ್ತಿ ಅಲ್ಲ.

ನಾನಿರುವುದು ಓಹಾಯೋದ ಒಂದು ಸಣ್ಣ ಊರಲ್ಲಿ. ಮೇ ತಿಂಗಳ ಕೊನೆಯಲ್ಲಿ ಮೆಮೋರಿಯಲ್ ಡೇ ಬರುತ್ತದೆ. ಅದರ ಹಿಂದಿನ ವಾರ ಮಾಜಿ ಸೈನಿಕರ ಸಮಾಧಿಗಳಿಗೆಲ್ಲ ಸಣ್ಣ ಬಾವುಟ ನೆಡುತ್ತಾರೆ. ಮಗನ ಸ್ಕೌಟ್ ತಂಡದ ಜೊತೆ ನಾನೂ ಹೋಗಿದ್ದೆ. ಒಂದು ಕಡೆ ಬರೀ ಹುಲ್ಲು, ಕಲ್ಲಿಲ್ಲ, ಆದರೂ ಬಾವುಟ ನೆಡುತ್ತಿದ್ದರು. ಕೇಳಿದರೆ, ವಿಯೆಟ್ನಾಂಗೆ ಹೋಗಿ ಬಂದಿದ್ದ ಹಿರಿಯರೊಬ್ಬರು, "ಇಲ್ಲೊಬ್ಬ ಮಲಗಿದ್ದಾನೆ. ರಿಜಿಸ್ಟರ್‌ನಲ್ಲಿ ಹೆಸರಿದೆ, ಕಲ್ಲು ಹಾಕಿಸೋರು ಇರಲಿಲ್ಲ" ಅಂದರು. ಅಂಥವು ಎಷ್ಟಿವೆ ಅಂದೆ. ಬೆರಳಲ್ಲಿ ಎಣಿಸೋಕೆ ಆಗಲ್ಲ ಅಂದರು. ಆಮೇಲೆ ಅಕ್ಕಪಕ್ಕದ ಐದು ಸ್ಮಶಾನ ಸೇರಿಸಿ ಎಣಿಸಿದಾಗ 140ರ ಹತ್ತಿರ ಬಂತು.

ಅಮೆರಿಕ ಸರ್ಕಾರ ಈ ಕಲ್ಲನ್ನು ಪುಕ್ಕಟೆ ಕೊಡುತ್ತದೆ. ಖಾಸಗಿ ಸ್ಮಶಾನದಲ್ಲಿ ಗುರುತಿಲ್ಲದೆ ಮಲಗಿದ ಸೈನಿಕರಿಗೂ ಕಲ್ಲು ಕೊಡಬೇಕು ಅನ್ನುವ ಕಾನೂನು 1879ರಿಂದ ಇದೆ. ಸಾಗಣೆಯೂ ಪುಕ್ಕಟೆ, ನೆಡುವ ಖರ್ಚು ಮಾತ್ರ ನಮ್ಮದು. ಮಾಜಿ ಸೈನಿಕರ ಇಲಾಖೆಯ 40-1330 ನಂಬರಿನ ಅರ್ಜಿ ತುಂಬಿ, ದಾಖಲೆ ಲಗತ್ತಿಸಿ ಕಳಿಸಿದರೆ ಆಯಿತು. ಕೇಳೋಕೆ ಸುಲಭ ಅಲ್ವಾ? ಆದರೆ ಒಂದು ಕಲ್ಲಿಗೆ ಐದಾರು ಪತ್ರ ಓಡಾಡಬೇಕು. ಸೇವಾ ದಾಖಲೆಗೆ ಒಂದು, ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಕಚೇರಿಗೆ ಒಂದು, ಸ್ಮಶಾನದವರ ಸಹಿಗೆ ಒಂದು, ಮನೆಯವರಿದ್ದರೆ ಅವರಿಗೊಂದು. ಅದರ ಮೇಲೆ ಜ್ಞಾಪನ ಪತ್ರಗಳು. ಆ ವಿಯೆಟ್ನಾಂ ಹಿರಿಯರ ಮಾಜಿ ಸೈನಿಕರ ತಂಡ ಮೂರು ವರ್ಷದಲ್ಲಿ ನಾಲ್ಕು ಅರ್ಜಿ ಮುಗಿಸಿತ್ತು.

ನನಗೆ ಈ ಹುಚ್ಚು ಯಾಕೆ ಹತ್ತಿತು ಅಂತ ನನ್ನ ಹೆಂಡತಿ ಈಗಲೂ ಕೇಳುತ್ತಾಳೆ. "ರೀ, ಸತ್ತೋರ ಅರ್ಜಿ ಆಮೇಲೆ ಬರೀರಿ, ಬದುಕಿರೋರ ಗ್ರೀನ್ ಕಾರ್ಡ್ ಎಲ್ಲಿಗೆ ಬಂತು ನೋಡಿ" ಅನ್ನುತ್ತಾಳೆ. ನಮ್ಮಪ್ಪ ಸೈನ್ಯದಲ್ಲಿ ಹವಾಲ್ದಾರ್ ಆಗಿದ್ದವರು. ಅವರು ತೀರಿಕೊಂಡ ಮೇಲೆ ಫ್ಯಾಮಿಲಿ ಪೆನ್ಷನ್‌ಗೆ ಅಮ್ಮ ಡಿಸ್ಚಾರ್ಜ್ ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಸೋಮವಾರಪೇಟೆ ಕಡೆಯಿಂದ ಬಸ್ಸಿನಲ್ಲಿ ಎಷ್ಟು ಸಲ ಓಡಾಡಿದರೋ. ಒಂದು ಅಕ್ಷರದ ವ್ಯತ್ಯಾಸಕ್ಕೆ ಎಂಟು ತಿಂಗಳು ಹೋಯಿತು. ಅದನ್ನು ನೋಡಿದವನಿಗೆ ಕಾಗದ ಅಂದರೆ ಭಯ ಇರಲ್ಲ, ಸಿಟ್ಟಿರುತ್ತದೆ.

ಶುರು ಮಾಡಿದ್ದು ಎಕ್ಸೆಲ್ ಶೀಟಿನಿಂದ. ಒಬ್ಬರಿಗೆ ಒಂದು ಸಾಲು, 34 ಕಾಲಂ. ಅಲ್ಲಿಂದ ವಿವರ ಎತ್ತಿಕೊಂಡು ಪೈಥಾನ್ ಸ್ಕ್ರಿಪ್ಟ್ (ನಾನು ಬರೆದ ಸಣ್ಣ ಪ್ರೋಗ್ರಾಂ) ಅರ್ಜಿ ತುಂಬುತ್ತದೆ, ಪತ್ರ ಬರೆಯುತ್ತದೆ, ಮುಂದಿನ ಜ್ಞಾಪನದ ತಾರೀಕು ಗುರುತು ಹಾಕುತ್ತದೆ. ಮೇಲ್ ಮರ್ಜ್ ಅಂದರೆ ಇಷ್ಟೇ. ನಿಮ್ಮಲ್ಲಿ ಅರ್ಧ ಜನ ಇದನ್ನು ಒಂದು ವಾರಾಂತ್ಯದಲ್ಲಿ ಬರೆಯುತ್ತೀರಿ. ನಾನೂ ಒಂದೇ ವಾರಾಂತ್ಯದಲ್ಲಿ ಬರೆದೆ. ಸರಿ ಮಾಡೋಕೆ ಹದಿನಾಲ್ಕು ತಿಂಗಳು ಹಿಡಿಯಿತು.

ಮೊದಲ ಪೆಟ್ಟು ತಾರೀಕಿನಿಂದ. 1900ಕ್ಕಿಂತ ಹಿಂದಿನ ದಿನಾಂಕ ಎಕ್ಸೆಲ್‌ಗೆ ದಿನಾಂಕವೇ ಅಲ್ಲ, ಬರೀ ಅಕ್ಷರ. ನನ್ನ ಪಟ್ಟಿಯಲ್ಲಿ ಅರ್ಧ ಜನ 1861ರಿಂದ 65ರ ಅಂತರ್ಯುದ್ಧದವರು. 1898ರಲ್ಲಿ ಸತ್ತವನ ತಾರೀಕು ಅಕ್ಷರವಾಗಿ ಸರಿಯಾಗಿಯೇ ಬಂತು. 1923ರ ಜನವರಿ 11ರಂದು ಸತ್ತವನ ಪತ್ರದಲ್ಲಿ "ಮರಣ: 8412" ಅಂತ ಬಂತು. ಎಕ್ಸೆಲ್ ಒಳಗೊಳಗೇ ಎಣಿಸುವ ದಿನದ ಸಂಖ್ಯೆ ಅದು. ಅಂಥ ಒಂಬತ್ತು ಪತ್ರ ನೋಡದೆ ಪೋಸ್ಟ್ ಮಾಡಿದ್ದೆ.

ಅದಕ್ಕಿಂತ ಕೆಟ್ಟದ್ದು ನನ್ನ ಕೈ ಅಭ್ಯಾಸ. ನಿಯಮದ ಪ್ರಕಾರ 1917ರ ಏಪ್ರಿಲ್ 6ಕ್ಕಿಂತ ಮೊದಲೇ ಸೇವೆ ಮುಗಿದಿದ್ದರೆ ಯಾರು ಬೇಕಾದರೂ ಅರ್ಜಿ ಹಾಕಬಹುದು. ಅದರ ಈಚೆಗಿನವರಿಗೆ ಮನೆಯವರೋ ಅವರ ಪರವಾಗಿ ಅಧಿಕಾರ ಇರುವವರೋ ಬೇಕು. ನಾನು ನಮ್ಮ ಕಡೆಯ ಹಾಗೆ ದಿನ ಮೊದಲು ಬರೆದು 6/4/1917 ಅಂತ ಹಾಕಿದೆ. ಕಂಪ್ಯೂಟರ್ ಅಮೆರಿಕದ ಲೆಕ್ಕದಲ್ಲಿ ಅದನ್ನು ಜೂನ್ 4 ಅಂತ ಓದಿತು. ಹಾಗಾಗಿ ಮನೆಯವರ ಸಹಿ ಬೇಕಾದ ಇಬ್ಬರು ಸಹಿ ಬೇಡದವರ ಗುಂಪಿಗೆ ಸೇರಿಕೊಂಡರು. ಆ ಅರ್ಜಿಗಳು ವಾಪಸ್ ಬಂದಾಗ ಸಿಟ್ಟು ಬಂತು. ಆಮೇಲೆ ನೋಡಿದರೆ ತಪ್ಪು ನನ್ನದೇ. ಈಗ ದಿನ, ತಿಂಗಳು, ವರ್ಷ ಮೂರೂ ಬೇರೆ ಬೇರೆ ಕಾಲಂ. ನೋಡೋಕೆ ಚೆನ್ನಾಗಿಲ್ಲ, ಆದರೆ ಸುಳ್ಳು ಹೇಳಲ್ಲ.

ಎರಡನೆಯದು ಪಿಡಿಎಫ್. ಅರ್ಜಿಯ ಫೀಲ್ಡ್‌ಗಳಿಗೆ, ಅಂದರೆ ತುಂಬುವ ಖಾನೆಗಳಿಗೆ, ಸ್ಕ್ರಿಪ್ಟ್‌ನಿಂದ ವಿವರ ತುಂಬಿದೆ, ಪರದೆಯ ಮೇಲೆ ತೆರೆದರೆ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಆನ್‌ಲೈನ್ ಫ್ಯಾಕ್ಸ್‌ಗೆ ಕೊಟ್ಟೆ, ಖಾಲಿ ಅರ್ಜಿ ಹೋಯಿತು! ತುಂಬಿದ ವಿವರವನ್ನು ಪುಟದ ಮೇಲೆ ಚಿತ್ರವಾಗಿ ಬರೆದಿರಲಿಲ್ಲ. ಓದುವ ತಂತ್ರಾಂಶ ತಾನೇ ಬರೆದು ತೋರಿಸುತ್ತಿತ್ತು, ಫ್ಯಾಕ್ಸ್ ಸೇವೆಗೆ ಆ ಬುದ್ಧಿ ಇಲ್ಲ. ಚೆಕ್ ಬಾಕ್ಸ್ ಕಥೆಯೂ ಹಾಗೇ. "ಹೌದು" ಅಂತ ಕೊಟ್ಟರೆ ಟಿಕ್ ಬೀಳಲ್ಲ, ಆ ಬಾಕ್ಸ್ ಯಾವ ಪದ ಬಯಸುತ್ತದೋ ಅದನ್ನೇ ಕೊಡಬೇಕು. ಕೊನೆಗೆ ಫೀಲ್ಡ್ ಸಹವಾಸವೇ ಬೇಡ ಅಂತ, ಅರ್ಜಿಯ ಪುಟವನ್ನು ಹಿನ್ನೆಲೆಗೆ ಇಟ್ಟು ಅಕ್ಷರಗಳನ್ನು ಅಳತೆ ಹಿಡಿದು ಮೇಲೆ ಕೂರಿಸಿದೆ. ನಮ್ಮೂರ ಡಿಟಿಪಿ ಅಂಗಡಿಯವರು ಮದುವೆ ಕಾರ್ಡಿಗೆ ಮಾಡೋ ಕೆಲಸವೇ. ಅರ್ಜಿಯ ಹೊಸ ಆವೃತ್ತಿ ಬಂದರೆ ಅಳತೆ ಮತ್ತೆ ಹಿಡಿಯಬೇಕು. ಒಂದು ಗಂಟೆಯ ಕೆಲಸ, ಪರವಾಗಿಲ್ಲ.

ಪತ್ರ ಬರೆಯೋಕೆ ಎಐಗೆ ಬಿಟ್ಟೂ ನೋಡಿದೆ. ಸ್ಮಶಾನದ ಮೇಲ್ವಿಚಾರಕರಿಗೆ ಒಂದೂವರೆ ಪುಟದ ಪತ್ರ ಬರೆಯಿತು. ಧೀರ, ತ್ಯಾಗ, ಅಮರ ಎಲ್ಲ ಇತ್ತು. ಜೊತೆಗೆ ಸಮಾಧಿಯಲ್ಲಿರುವ ಸೈನಿಕನನ್ನು 23ನೇ ಓಹಾಯೋ ರೆಜಿಮೆಂಟಿಗೆ ಸೇರಿಸಿಬಿಟ್ಟಿತ್ತು. ಅವನು ಅಲ್ಲಿರಲೇ ಇಲ್ಲ. ಮುಂದೆ ಅಧ್ಯಕ್ಷರಾದ ಹೇಸ್ ಮತ್ತು ಮೆಕಿನ್ಲಿ ಇಬ್ಬರೂ ಇದ್ದ ರೆಜಿಮೆಂಟ್ ಅದು, ಅದಕ್ಕೇ ಎಲ್ಲ ಕಡೆ ಅದರ ಹೆಸರೇ. ಇಲ್ಲಿನವರಲ್ಲೂ ಅರ್ಧ ಜನ ತಮ್ಮ ಮುತ್ತಜ್ಜ ಅದರಲ್ಲೇ ಇದ್ದ ಅನ್ನುತ್ತಾರೆ, ಎಐನ ಬೈದು ಏನು ಪ್ರಯೋಜನ? ಒಂದು ತಪ್ಪು ರೆಜಿಮೆಂಟ್ ಕಲ್ಲಿನ ಮೇಲೆ ಕೆತ್ತಿಬಿಟ್ಟರೆ ಅಳಿಸೋಕೆ ಆಗಲ್ಲ. ಅವತ್ತೇ ಅದನ್ನು ಬಿಟ್ಟೆ. ಈಗ ಪತ್ರ ಏಳು ಸಾಲು, ಬದಲಾಗುವುದು ಆರು ಪದ.

ಹಳೆ ಸ್ಕ್ಯಾನ್ ಓದಿಸೋಕೆ ಮಾತ್ರ ಓಸಿಆರ್ (ಚಿತ್ರದಲ್ಲಿರುವ ಅಕ್ಷರ ಗುರುತಿಸುವ ತಂತ್ರಾಂಶ) ಉಳಿಸಿಕೊಂಡಿದ್ದೇನೆ. ಅದರಲ್ಲೂ ಎಡವಿದೆ. ಸೈನ್ಯದ ಬಿಡುಗಡೆ ಪತ್ರ ಅಂದರೆ ಡಿಡಿ 214 ನಂಬರಿನ ಕಾಗದ ಅಂದುಕೊಂಡು ಸ್ಕ್ರಿಪ್ಟ್ ಆ ಪದ ಹುಡುಕುತ್ತಿತ್ತು. ಡಿಡಿ 214 ಬಂದಿದ್ದೇ 1950ರಲ್ಲಿ. ಎರಡನೇ ಮಹಾಯುದ್ಧದ ಭೂಸೇನೆಯವರ ಹತ್ತಿರ ಹೆಚ್ಚಾಗಿ ಇರುವುದು 53-55 ನಂಬರಿನ ಕಾಗದ. ಹನ್ನೆರಡು ಜನರ ದಾಖಲೆ ನನ್ನ ಫೋಲ್ಡರಿನಲ್ಲೇ ಇಟ್ಟುಕೊಂಡು, "ದಾಖಲೆ ಇಲ್ಲ" ಅಂತ ನಾಲ್ಕು ತಿಂಗಳು ಕೂತಿದ್ದೆ.

ಇನ್ನು ದುಡ್ಡಿನ ವಿಷಯ. ಅಂತರ್ಯುದ್ಧದವರ ಸೇವಾ ಕಡತ ರಾಷ್ಟ್ರೀಯ ಪತ್ರಾಗಾರದಿಂದ ತರಿಸಿದರೆ ತಲಾ 30 ಡಾಲರ್, ಪೆನ್ಷನ್ ಕಡತ ಪೂರ್ತಿ ಬೇಕೆಂದರೆ 80. ನಾನು ಉತ್ಸಾಹದಲ್ಲಿ ಪಟ್ಟಿಯ ಮೇಲಿನ ಇಪ್ಪತ್ತು ಜನರಿಗೆ ಎರಡೂ ತರಿಸಿದೆ. ಎರಡು ಸಾವಿರದ ಇನ್ನೂರು ಡಾಲರ್ ಹೋಯಿತು, ಅದರಲ್ಲಿ ಮುಕ್ಕಾಲು ಪಾಲು ಬೇಕಾಗಿರಲೇ ಇಲ್ಲ. ಮುಸ್ಟರ್ ರೋಲ್, ರಾಜ್ಯದ ಕಡತದ ಪ್ರತಿ, ಪೆನ್ಷನ್ ದಾಖಲೆ ಇಂಥವು ನಡೆಯುತ್ತವೆ ಅಂತ ಅರ್ಜಿಯ ಸೂಚನೆಯಲ್ಲೇ ಇತ್ತು. ಓದಿರಲಿಲ್ಲ. ಓಹಾಯೋ ತನ್ನ ಸೈನಿಕರ ಪಟ್ಟಿಯನ್ನು 1880-90ರ ದಶಕದಲ್ಲೇ 12 ಸಂಪುಟಗಳಲ್ಲಿ ಅಚ್ಚು ಹಾಕಿಸಿದೆ. ಈಗ ಮೊದಲು ಅದರಲ್ಲಿ ರೆಜಿಮೆಂಟ್, ಕಂಪನಿ ಹುಡುಕುತ್ತೇನೆ. ಅನುಮಾನ ಉಳಿದರೆ ಮಾತ್ರ 30 ಡಾಲರ್ ಬಿಚ್ಚುತ್ತೇನೆ.

20ನೇ ಶತಮಾನದವರ ತೊಂದರೆ ಬೇರೆ ಥರ. 1973ರ ಜುಲೈ 12ರಂದು ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು 1.6ರಿಂದ 1.8 ಕೋಟಿ ಕಡತ ಸುಟ್ಟು ಹೋದವು. 1912ರಿಂದ 1960ರ ನಡುವೆ ಬಿಡುಗಡೆಯಾದ ಭೂಸೇನೆಯವರ ಕಡತಗಳಲ್ಲಿ ನೂರಕ್ಕೆ 80 ಹೋಯಿತು, ನಕಲೂ ಇರಲಿಲ್ಲ. ಆದರೆ ಯುದ್ಧದಿಂದ ಬಂದವರು ಎಷ್ಟೋ ಜನ ತಮ್ಮ ಬಿಡುಗಡೆ ಪತ್ರವನ್ನು ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ ನೋಂದಾಯಿಸಿದ್ದರು, ಜಮೀನು ಪತ್ರದ ಹಾಗೆ. ಹಾಗಾಗಿ ನನ್ನ ಸ್ಕ್ರಿಪ್ಟ್ ಸೇಂಟ್ ಲೂಯಿಸ್‌ಗೂ ಕೌಂಟಿಗೂ ಒಂದೇ ದಿನ ಪತ್ರ ಹಾಕುತ್ತದೆ. ಕೆಲವು ದಾಖಲೆಗಳಿಗೆ ಮನೆಯವರ ಸಹಿ ಜೊತೆಗಿರಬೇಕು ಅನ್ನೋದು ನೆನಪಿರಲಿ. ನನ್ನ ನೆನಪಿನ ಪ್ರಕಾರ ಹತ್ತರಲ್ಲಿ ಆರು ಸಲ ಕೌಂಟಿಯೇ ಗೆದ್ದಿದೆ.

ಒಂದು ಅಡ್ಡ ಪ್ರಯೋಗ ಹೇಳಲೇಬೇಕು. 1879ರಿಂದ 1903ರವರೆಗೆ ಸರ್ಕಾರ ಕೊಟ್ಟ ಕಲ್ಲುಗಳ ಕಾರ್ಡ್ ಪಟ್ಟಿ ಸ್ಕ್ಯಾನ್ ಆಗಿ ಸಿಗುತ್ತದೆ. ಸುಮ್ನೆ ಕುತೂಹಲಕ್ಕೆ ನನ್ನ ಶೀಟನ್ನು ಅದರ ಜೊತೆ ತಾಳೆ ಹಾಕಿದೆ. ಏಳು ಹೆಸರು ಹೊಂದಿಕೊಂಡವು. ಅಂದರೆ ಈ ಏಳು ಜನರಿಗೆ ನೂರು ವರ್ಷಕ್ಕೂ ಹಿಂದೆಯೇ ಕಲ್ಲು ಬಂದಿದೆ! ಹಾಗಾದರೆ ಎಲ್ಲಿ ಹೋಯಿತು? ಮೇಲ್ವಿಚಾರಕರ ಒಪ್ಪಿಗೆ ತಗೊಂಡು ಒಂದು ಶನಿವಾರ ಕಬ್ಬಿಣದ ಸಲಾಕೆ ಹಿಡಿದು ಹೋದೆವು. ಮೊದಲ ಜಾಗದಲ್ಲಿ ಹತ್ತು ಸಲ ಚುಚ್ಚಿದರೂ ಬರೀ ಮಣ್ಣು. ಎರಡನೇ ಜಾಗದಲ್ಲಿ ಗೇಣುದ್ದ ಇಳಿಯೋಷ್ಟರಲ್ಲಿ ಟಣ್ ಅಂತು. ಹುಲ್ಲಿನ ಹೆಂಟೆ ಎತ್ತಿ, ಕೈಯಲ್ಲೇ ಮಣ್ಣು ಬಳಿದು, ಬಾಟಲಿ ನೀರು ಸುರಿದರೆ ಬಿಳಿ ಅಮೃತಶಿಲೆ, ಗುರಾಣಿಯ ಆಕಾರದ ಅಂಚು, ಒಳಗೆ ಉಬ್ಬು ಅಕ್ಷರ. ಮಕಾಡೆ ಬಿದ್ದು ಮುಳುಗಿದ್ದರೆ ಅಕ್ಷರ ಇನ್ನೂ ಚೆನ್ನಾಗಿರುತ್ತಿತ್ತಂತೆ, ಇದು ಅಂಗಾತ ಬಿದ್ದಿತ್ತು. ಆದರೂ ಹೆಸರು ಓದೋಕೆ ಬಂತು. ಹಾಗೆ ಮೂರು ಸಿಕ್ಕವು. ಮೂರು ಅರ್ಜಿ ಬರೆಯೋ ಕೆಲಸ ಉಳಿಯಿತು. ಸಿಗದ ನಾಲ್ಕಕ್ಕೆ ಹೊಸ ಅರ್ಜಿ ಅಲ್ಲ, ಬದಲಿ ಕಲ್ಲು ಅಂತ ಟಿಕ್ ಹಾಕಬೇಕು. ಈ ವ್ಯತ್ಯಾಸ ಗೊತ್ತಿಲ್ಲದೆ ಒದ್ದಾಡಿದವರು ತುಂಬ ಜನ.

ಎಲ್ಲಕ್ಕಿಂತ ಕಷ್ಟ ಸಹಿ. ಗುರುತಿಲ್ಲದ ಸಮಾಧಿ ಹೌದು, ಇಂಥ ಕಲ್ಲಿಗೆ ಇಲ್ಲಿ ಅನುಮತಿ ಇದೆ ಅಂತ ಸ್ಮಶಾನದವರು ಸಹಿ ಹಾಕಬೇಕು. ನಮ್ಮ ಮೇಲ್ವಿಚಾರಕರು ಜೋಳ, ಸೋಯಾ ಬೆಳೆಯೋ ರೈತರು, ಸ್ಮಶಾನ ಅರೆಕಾಲಿಕ ಕೆಲಸ. ನನ್ನ ಸ್ಕ್ರಿಪ್ಟ್ ಅವರಿಗೆ ಒಂಬತ್ತು ದಿನದಲ್ಲಿ ಮೂರು ಜ್ಞಾಪನ ಕಳಿಸಿತು, ಅದೂ ಬಿತ್ತನೆ ಕಾಲದಲ್ಲಿ. ಫೋನ್ ಮಾಡಿ ಬೈದರು. ಸಹಿಯ ಚಿತ್ರ ತೆಗೆದು ಅಂಟಿಸಿಬಿಡೋಣ ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ. ವಿಯೆಟ್ನಾಂ ಹಿರಿಯರು "ಅದು ಮಾಡಿದರೆ ನಾನಿಲ್ಲ" ಅಂದರು. ಸರಿಯೇ. ಈಗ ಜ್ಞಾಪನ ಬಿತ್ತನೆ, ಕೊಯ್ಲು ನೋಡಿಕೊಂಡು ಹೋಗುತ್ತದೆ. ಸಹಿ ಜಾಗಕ್ಕೆ ಹಳದಿ ಚೀಟಿ, ಜೊತೆಗೆ ಸ್ಟಾಂಪ್ ಹಚ್ಚಿದ ಕವರ್. ಪತ್ರದ ಮೊದಲ ಸಾಲಿನಲ್ಲಿ ನಾನು ಒಂದು ವಿಷಯ ಬರೆಯುತ್ತೇನೆ. ಅದನ್ನು ಸೇರಿಸಿದ ಮೇಲೆ ಉತ್ತರ ಬರೋದು ಐದು ವಾರದಿಂದ ಹತ್ತು ದಿನಕ್ಕೆ ಇಳಿಯಿತು. ಅದೇನು ಅಂತ ಕೇಳಬೇಡಿ.

ಕಲ್ಲು ಇಳಿಸಿಕೊಳ್ಳುವವರ ವಿಳಾಸಕ್ಕೆ ಪೋಸ್ಟ್ ಬಾಕ್ಸ್ ನಂಬರ್ ಹಾಕಬೇಡಿ, ನಾನು ಎರಡು ಸಲ ಹಾಕಿದೆ. ನಿಲ್ಲಿಸುವ ಕಲ್ಲು 42 ಇಂಚು ಉದ್ದ, 13 ಅಗಲ, 4 ದಪ್ಪ, 230 ಪೌಂಡ್, ಅಂದರೆ ಹತ್ತಿರ ಹತ್ತಿರ 104 ಕೆಜಿ. ಅದನ್ನು ಪೋಸ್ಟ್ ಆಫೀಸಿಗೆ ತಂದು ಇಳಿಸ್ತಾರಾ? ನೆಡೋಕೆ ಮೊದಲು ಕೇಳಿದ್ದು ಕಲ್ಲಿಗೆ 275 ಡಾಲರ್. ಎಂಟು ಹತ್ತು ಒಟ್ಟಿಗೆ ಬರೋ ಹಾಗೆ ಅರ್ಜಿಗಳನ್ನು ಗುಂಪು ಮಾಡಿ ಕಳಿಸಿದ ಮೇಲೆ 110ಕ್ಕೆ ಬಂತು. ಸೈನಿಕರ ತಂಡ ಶುಕ್ರವಾರದ ಮೀನು ಫ್ರೈ ಊಟ ಮಾರಿ ಆ ದುಡ್ಡು ಎತ್ತಿತು. ನಾನು ಸಸ್ಯಾಹಾರಿ, ಟೋಕನ್ ಹರಿಯೋಕೆ ಕೂತಿದ್ದೆ.

ಕಲ್ಲಿನ ಮೇಲೆ ಹಾಕಿಸಬಹುದಾದ ಧರ್ಮದ ಚಿಹ್ನೆಗಳ ಪಟ್ಟಿಯಲ್ಲಿ ಓಂ ಕೂಡ ಇದೆ. ನಮ್ಮ 140ರಲ್ಲಿ ಯಾರಿಗೂ ಬೇಕಾಗಲಿಲ್ಲ. ಆದರೂ ಡ್ರಾಪ್‌ಡೌನ್‌ನಲ್ಲಿ ಸೇರಿಸಿ ಇಟ್ಟಿದ್ದೇನೆ.

ಲೆಕ್ಕ ಹೇಳಿ ಮುಗಿಸುತ್ತೇನೆ. ಇಪ್ಪತ್ತಮೂರು ಜನರ ಹೆಸರು ಮನೆಯವರ ಖಾಸಗಿ ಕಲ್ಲಿನಲ್ಲೇ ಸಿಕ್ಕಿತು. 1990ರ ನವೆಂಬರ್ 1ಕ್ಕೆ ಮೊದಲು ತೀರಿಕೊಂಡವರಿಗೆ ಬೇರೆ ಕಲ್ಲು ಇದ್ದರೆ ಸರ್ಕಾರದ ಕಲ್ಲು ಸಿಗಲ್ಲ, ಅವರನ್ನು ಬಿಟ್ಟೆವು. ತೊಂಬತ್ತರ ಮೇಲೆ ಅರ್ಜಿ ಹೋಗಿದೆ. ಹನ್ನೊಂದು ವಾಪಸ್ ಬಂದಿದ್ದವು, ಎಂಟು ಸರಿ ಮಾಡಿ ಕಳಿಸಿದೆ. ಮೊದಲು ಒಂದು ಅರ್ಜಿಗೆ ಆರೇಳು ಗಂಟೆ ಹಿಡಿಯುತ್ತಿತ್ತು, ಈಗ ಮುಕ್ಕಾಲು ಗಂಟೆ.

ಹೋದ ವಾರ ಆ ರೈತರು ಮನೆಗೇ ಬಂದರು. ಪಕ್ಕದ ಟೌನ್‌ಶಿಪ್‌ನವರೂ ಕೇಳಿದರಂತೆ. ಬೀಜದ ಅಂಗಡಿಯ ಬಿಲ್ಲಿನ ಹಿಂದೆ ಪೆನ್ಸಿಲಿನಲ್ಲಿ ಬರೆದ 38 ಹೆಸರು ಕೈಗಿಟ್ಟು, "ನಿನ್ನ ಮಷೀನಿಗೆ ಹಾಕು" ಅಂದರು. ಓಸಿಆರ್‌ಗೆ ಕೊಟ್ಟೆ, ಒಂದು ಹೆಸರೂ ಓದಲಿಲ್ಲ. ರಾತ್ರಿ ಊಟ ಆದ ಮೇಲೆ ಕೂತು ಕೈಯಲ್ಲೇ ಟೈಪ್ ಮಾಡುತ್ತಿದ್ದೇನೆ. ಹದಿನಾರಕ್ಕೆ ಬಂದಿದ್ದೇನೆ.