ಆಣೆ ಮಾಡಿಸದೆ ಕುಡಿತ ಬಿಡಿಸುವ ಕೆಲಸ

'ಮೇಡಂ, ಮಂಜುನಾಥನ ಮೇಲೆ ಆಣೆ ಮಾಡಿಸಿಬಿಡಿ' ಅಂತ ಹೆಂಡತಿಯರು ಕೇಳುತ್ತಾರೆ. ಜಿಲ್ಲಾ ಆಸ್ಪತ್ರೆಯ ವ್ಯಸನಮುಕ್ತಿ ವಿಭಾಗದಲ್ಲಿ ಆಪ್ತಸಮಾಲೋಚಕಿಯಾಗಿರುವ ನಾನು ಆಣೆ ಮಾಡಿಸುವುದಿಲ್ಲ. ಆಣೆ ಮುರಿದವನು ಮತ್ತೆ ನಮ್ಮ ಕಡೆ ತಲೆ ಹಾಕುವುದಿಲ್ಲ. ಆ ನಾಚಿಕೆಗೇ ಇನ್ನೊಂದು ಕ್ವಾರ್ಟರ್ ಏರಿಸುತ್ತಾನೆ.

ನನ್ನ ಮೊದಲ ಪ್ರಶ್ನೆ, 'ಕೊನೇ ಸಲ ಕುಡಿದಿದ್ದು ಯಾವಾಗ?' ವರ್ಷಗಟ್ಟಲೆ ದಿನಾ ಕುಡಿದವರು ದಿಢೀರನೆ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು ಶುರು. ಕೆಲವರಿಗೆ 48 ಗಂಟೆಯೊಳಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ನಡುವೆ ಇಲ್ಲದ್ದು ಕಾಣುವುದು, ಬಡಬಡಿಸುವುದೂ ಉಂಟು. ಗಾಳಿ ಮೆಟ್ಟಿದೆಯೆಂದು ತಾಯತ ಕಟ್ಟಿಸಲು ಓಡುವವರಿದ್ದಾರೆ. ಜೀವ ಹೋಗುವ ಹೊತ್ತದು. ಮೊದಲು ಡಾಕ್ಟರು, ಥಯಾಮಿನ್ (ಬಿ1 ವಿಟಮಿನ್) ಇಂಜೆಕ್ಷನ್. ನನ್ನ ಮಾತೆಲ್ಲ ಆಮೇಲೆ.

'ಎಷ್ಟು ಕುಡೀತೀರಣ್ಣ?' ಅಂದರೆ 'ಮೈಕೈ ನೋವಿಗೆ ಒಂಚೂರು' ಅನ್ನುತ್ತಾರೆ. ಅದಕ್ಕೇ 'ನೈಂಟಿ ಎಷ್ಟು? ಬೆಳಗ್ಗೆ ಎದ್ದ ತಕ್ಷಣ ಬೇಕಾ?' ಅಂತ ಕೇಳುತ್ತೇನೆ. 180 ಎಂ.ಎಲ್. ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ತಿಂಗಳ ಖರ್ಚನ್ನು ಮಾತ್ರ ಅವರ ಕೈಯಲ್ಲೇ ಬರೆಸುತ್ತೇನೆ. ನಾನು ಹೇಳಿದ ಮೊತ್ತಕ್ಕೆ ವಾದ ಮಾಡುತ್ತಾರೆ, ತಾವೇ ಕೂಡಿದ ಮೊತ್ತಕ್ಕೆ ಮಾಡುವುದಿಲ್ಲ.

'ಬಿಡಬೇಕು ಅನ್ನೋದು ಹತ್ತರಲ್ಲಿ ಎಷ್ಟು?' 'ನಾಲ್ಕು.' 'ಎರಡು ಯಾಕಲ್ಲ?' ಮನೆಯವರಿಗೆ ಈ ಪ್ರಶ್ನೆ ಕೇಳಿ ಸಿಟ್ಟು ಬರುತ್ತದೆ, ಕುಡಿಯೋಕೆ ಕುಮ್ಮಕ್ಕು ಕೊಟ್ಟಂತೆ ಕಾಣುತ್ತದೆ. ಆದರೆ 'ಮಗಳು ಪಿಯುಸಿ, ಮೇಡಂ' ಎಂದು ಬಿಡಬೇಕಾದ ಕಾರಣ ಅವನ ಬಾಯಿಂದಲೇ ಬರುವುದು ಇಲ್ಲಿ.

ಗುಟ್ಟಾಗಿ ಸಾರಿನಲ್ಲಿ ಮಾತ್ರೆ ಬೆರೆಸುವ ವಿಷಯದಲ್ಲಿ ಮಾತ್ರ ನಾನು ಗದರುತ್ತೇನೆ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ಹೊಟ್ಟೆಯಲ್ಲಿದ್ದಾಗ ಕುಡಿದರೆ ಅಸಿಟಾಲ್ಡಿಹೈಡ್ ಎಂಬ ವಿಷ ಮೈಯಲ್ಲೇ ಸೇರಿಕೊಳ್ಳುತ್ತದೆ. ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಅವನಿಗೆ ಗೊತ್ತಿದ್ದು, ಅವನು ಒಪ್ಪಿ, ಡಾಕ್ಟರು ಬರೆದರೆ ಮಾತ್ರ ಅದು ಔಷಧ. ಗೋಡೆ ಜಾಹೀರಾತಿನ ಪುಡಿಗಳಲ್ಲಿ ಏನಿದೆಯೋ ದೇವರೇ ಬಲ್ಲ.

ಹೆಚ್ಚಿನ ಸಮಯ ಹೋಗುವುದು ಬಟವಾಡೆ ದಿನ, ಸಂತೆ, ಬೀಗರೂಟಗಳ ತಯಾರಿಗೆ. ಹಸಿದು ಹೋಗಬೇಡಿ, ಹೆಂಡತಿ ಜೊತೆಗೇ ಹೋಗಿ, ಉಂಡ ಕೂಡಲೇ ಹೊರಡಿ. 'ಒಂದೇ ಪೆಗ್ಗು ಕಣೋ ಭಾವ' ಎನ್ನುವವನ ಪಾತ್ರ ನನ್ನದು. 'ಡಾಕ್ಟರು ಬೇಡ ಅಂದಿದಾರೆ, ಕುಡಿದ್ರೆ ಆಸ್ಪತ್ರೆ ಸೇರಬೇಕಾಗುತ್ತೆ' ಎಂದು ನಾಲಿಗೆಗೆ ಕೂರುವವರೆಗೂ ಹೇಳಿಸುತ್ತೇನೆ. ನೀತಿಯ ಮಾತಿಗಿಂತ ಇದು ಬೇಗ ನಾಟುತ್ತದೆ. ಊಟದ ಮಾರನೇ ದಿನಕ್ಕೇ ಚೀಟಿ ಬರೆದುಕೊಟ್ಟು, ಕುಡಿದಿದ್ದರೂ ಬನ್ನಿ ಅನ್ನುತ್ತೇನೆ.