ಹದಿಹರೆಯದವರಿಗೆ ಮೂಳೆ ಓದಲು ಕಲಿಸುವುದು ಹೇಗೆ

ಸಿಕ್ಕಿದ ಮೂಳೆಯಿಂದ ಸತ್ತವರ ವಯಸ್ಸು, ಲಿಂಗ, ಎತ್ತರ ಅಂದಾಜು ಮಾಡುವುದು ವಿಧಿವಿಜ್ಞಾನ ಮಾನವಶಾಸ್ತ್ರದ ಕೆಲಸ. ಹೈಸ್ಕೂಲು ಮಕ್ಕಳಿಗೆ ಇದನ್ನು ಹೇಳಿಕೊಡಲು ಹೊರಟವರು ಮೊದಲು ಪ್ಲಾಸ್ಟಿಕ್ ಬುರುಡೆ ತರಿಸುತ್ತಾರೆ. ಅದನ್ನು ಬಿಡಿ, ಬನ್ನೂರು ಕುರಿಯ ಹಿಂಗಾಲಿನಿಂದ ಶುರು ಮಾಡಿ.

ಮಟನ್ ಅಂಗಡಿಗೆ ಹಿಂದಿನ ದಿನವೇ ಹೇಳಿಟ್ಟು, ಎಳೆಯ ಕುರಿಯದೊಂದು, ಬಲಿತದ್ದರದೊಂದು ತೊಡೆಮೂಳೆಯನ್ನು ಕೊಚ್ಚದೆ ಇಡಿಯಾಗಿ ತೆಗೆಸಿಕೊಳ್ಳಿ. ಮಾಂಸ ಬಿಡಿಸಿ, ಅಡುಗೆಗೆ ಬಳಸದ ಪಾತ್ರೆಯಲ್ಲಿ ಒಂದು ಚಮಚ ಸೋಪಿನ ಪುಡಿ ಹಾಕಿ ಸಣ್ಣ ಉರಿಯಲ್ಲಿ 3–4 ಗಂಟೆ ಇಡಿ. ಎರಡಕ್ಕೂ ಬೇರೆ ಬೇರೆ ಪಾತ್ರೆ. ಕುಕ್ಕರ್ ಬೇಡ, ಮೂಳೆ ಮೆತ್ತಗಾಗಿ ತುದಿ ಪುಡಿಯಾಗುತ್ತದೆ. ನೀರು ಚೆಲ್ಲುವಾಗ ಜರಡಿ ಹಿಡಿಯಿರಿ: ಎಳೆಯದರ ತುದಿಗಳು ಕಳಚಿ ತಳದಲ್ಲಿರುತ್ತವೆ, ಪಾಠ ಇರುವುದೇ ಅವುಗಳಲ್ಲಿ. ಆಮೇಲೆ ಗ್ಲೌಸ್ ಹಾಕಿಕೊಂಡು 3% ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಒಂದು ದಿನ ನೆನೆಸಿ. ಮೆಡಿಕಲ್ ಶಾಪಿನಲ್ಲಿ 6% ಸಿಕ್ಕರೆ ಸಮಪಾಲು ನೀರು ಬೆರೆಸಿಕೊಳ್ಳಿ. ಮುಚ್ಚಳ ಬಿಗಿಯಬೇಡಿ, ಗ್ಯಾಸ್ ತುಂಬುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದರೆ ಮೂಳೆಯ ಮೈ ಹಳೇ ಗೋಡೆಯ ಸುಣ್ಣದಂತೆ ಉದುರುತ್ತದೆ.

ಒಣಗಿದ ಮೇಲೆ, ತುದಿ ಕಳಚಿದ ಜಾಗವನ್ನು ಬೆರಳಲ್ಲಿ ಸವರಲು ಹೇಳಿ. ಉಬ್ಬುತಗ್ಗು ಸಿಗುತ್ತದೆ. ಜೀವ ಇದ್ದಾಗ ಅಲ್ಲಿ ಮೃದ್ವಸ್ಥಿಯ ಪದರವಿತ್ತು, ಮೂಳೆ ಉದ್ದವಾಗುತ್ತಿದ್ದದ್ದು ಅಲ್ಲೇ. ಬಲಿತದ್ದರಲ್ಲಿ ತುದಿ ಬೆಸೆದುಹೋಗಿರುತ್ತದೆ. ಮನುಷ್ಯರಲ್ಲಿ ಮಂಡಿಯ ಬಳಿ ಹದಿಹರೆಯ ಮುಗಿಯುವ ಹೊತ್ತಿಗೆ ಬೆಸುಗೆ ಆಗುತ್ತದೆ, ಕಾಲರ್ ಮೂಳೆಯ ಎದೆ ಕಡೆಯ ತುದಿ ಮಾತ್ರ ಇಪ್ಪತ್ತು ದಾಟಿದ ಮೇಲೂ ತೆರೆದಿರುತ್ತದೆ. ‘ನಿಮ್ಮಲ್ಲಿ ಬಹುತೇಕರ ಮಂಡಿಯಲ್ಲಿ ಆ ಪದರ ಇನ್ನೂ ಇದೆ’ ಎಂದರೆ ಅರ್ಧ ತರಗತಿ ಮಂಡಿ ಮುಟ್ಟಿಕೊಳ್ಳುತ್ತದೆ.

ಎತ್ತರಕ್ಕೆ ಪಾದ ಸಾಕು. ಗೋಡೆಗೆ ಹಿಮ್ಮಡಿ ತಾಗಿಸಿ, ಎರಡೂ ಕಾಲಿನ ಮೇಲೆ ಭಾರ ಬಿಟ್ಟು ನಿಲ್ಲಿಸಿ, ಉದ್ದದ ಬೆರಳಿಗೆ ಪುಸ್ತಕ ನೇರವಾಗಿ ಒತ್ತಿ ಅಳೆಯಿರಿ. ಕೆಲವರಿಗೆ ಹೆಬ್ಬೆರಳಿಗಿಂತ ಎರಡನೆಯದೇ ಉದ್ದ. ಎಲ್ಲರದೂ ಎಡಗಾಲೇ ಇರಲಿ. ಪಾದ ಎತ್ತರದ ಸುಮಾರು 15%, ಹಾಗಾಗಿ ಉದ್ದವನ್ನು 0.15ರಿಂದ ಭಾಗಿಸಿ. ಅರ್ಧ ಸೆಂ.ಮೀ. ತಪ್ಪಿದರೆ ಉತ್ತರ 3 ಸೆಂ.ಮೀ.ಗೂ ಹೆಚ್ಚು ಆಚೀಚೆ ಆಗುತ್ತದೆ. ‘165’ ಎಂದು ಬರೆದವರಿಗೆ ಅಂಕ ಕೊಡಬೇಡಿ. ‘160ರಿಂದ 170’ ಎಂದವರಿಗೆ ಕೊಡಿ. ಪತ್ತೇದಾರಿ ಧಾರಾವಾಹಿ ನೋಡಿ ಬಂದವರಿಗೆ ಇದೇ ಅರಗದ ಮಾತು.

ಉತ್ಖನನಕ್ಕೆ ಶಾಲೆಯ ಹಿತ್ತಲಲ್ಲಿ 1 ಮೀ. ಚೌಕ, ನಾಲ್ಕು ಗೂಟ, ಹುರಿ, ಕರಣೆ ಸಾಕು. ಮೂಳೆ 30 ಸೆಂ.ಮೀ. ಆಳದಲ್ಲಿರಲಿ, ಮೇಲೆ ಚಪ್ಪಡಿ ಹೇರಿ. ಇಲ್ಲದಿದ್ದರೆ ರಾತ್ರಿಯೇ ನಾಯಿ ಪಾಲು. ತೆಗೆಯುವಾಗ 5 ಸೆಂ.ಮೀ. ಪದರಗಳಲ್ಲಿ ಕೆರೆಯಬೇಕು. ಫೋಟೋ ಮತ್ತು ನಕ್ಷೆ ಆಗುವ ತನಕ ಯಾರೂ ಮೂಳೆ ಎತ್ತಕೂಡದು.

ನಿಜವಾದ ಮಾನವ ಮೂಳೆ ಕೊಳ್ಳಬೇಡಿ, ಸ್ಮಶಾನದ ಕಡೆ ಹೋಗಬೇಡಿ. ಅದನ್ನು ನೋಡಲೇಬೇಕೆಂದರೆ ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗಕ್ಕೋ ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಮಾನವಶಾಸ್ತ್ರ ವಿಭಾಗಕ್ಕೋ ಮೊದಲೇ ಪತ್ರ ಬರೆದು ಕೇಳಿ. ನಾಲೆ ದಂಡೆಯಲ್ಲಿ ಅನುಮಾನದ ಮೂಳೆ ಕಂಡರೆ ಮುಟ್ಟದೆ 112ಕ್ಕೆ ಫೋನ್ ಮಾಡಲು ಮಕ್ಕಳಿಗೆ ಮೊದಲ ದಿನವೇ ಹೇಳಿ.